ಪ್ರವೇಶ ಕೊಟ್ಟರೆ ಸಾಲದು, ಮೊದಲ ಎರಡು ತಿಂಗಳು ಕೈಹಿಡಿಯಬೇಕು

ಮಾನ್ಯ ಸಂಪಾದಕರೇ,

ಪಿಯುಸಿ ಫಲಿತಾಂಶ ಬಂದು ಪದವಿ ಕಾಲೇಜುಗಳ ಪ್ರವೇಶ ಆರಂಭವಾದಾಗ ಯಾವ ಕಾಲೇಜಿಗೆ ಎಷ್ಟು ಅರ್ಜಿ ಬಂದವು, ಯಾವ ಕೋರ್ಸಿಗೆ ಬೇಡಿಕೆ ಹೆಚ್ಚಿತು ಎಂಬ ಸುದ್ದಿಗಳು ಪತ್ರಿಕೆಗಳಲ್ಲಿ ವಿವರವಾಗಿ ಬರುತ್ತವೆ. ಹಾಗೆ ಪ್ರವೇಶ ಪಡೆದವರಲ್ಲಿ ದಸರಾ ರಜೆಯ ಹೊತ್ತಿಗೆ ಎಷ್ಟು ಮಂದಿ ತರಗತಿಯಲ್ಲಿ ಉಳಿದಿದ್ದಾರೆ ಎಂಬುದನ್ನು ಕೇಳುವವರು ಕಡಿಮೆ. ಶಿವಮೊಗ್ಗ ಜಿಲ್ಲೆಯ ಪದವಿ ಕಾಲೇಜುಗಳಲ್ಲಿ ಬಹುಕಾಲ ಅರ್ಥಶಾಸ್ತ್ರ ಬೋಧಿಸಿ ನಿವೃತ್ತಳಾದ ನಾನು ಕಂಡಂತೆ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಮಕ್ಕಳಲ್ಲಿ ಓದು ಬಿಡುವ ಹೆಚ್ಚಿನವರು ಪರೀಕ್ಷೆಯ ತನಕ ಬರುವುದೇ ಇಲ್ಲ. ಮೊದಲ ಆರೆಂಟು ವಾರಗಳಲ್ಲಿ ಒಂದು ದಿನ ತಪ್ಪಿಸುತ್ತಾರೆ, ಆಮೇಲೆ ಒಂದು ವಾರ ತಪ್ಪಿಸುತ್ತಾರೆ, ಹಾಜರಾತಿ ಕೊರತೆಯ ಪಟ್ಟಿ ನೋಟಿಸ್ ಬೋರ್ಡಿಗೆ ಬರುವಷ್ಟರಲ್ಲಿ ಅಡಿಕೆ ಸುಲಿಯುವ ಕೆಲಸಕ್ಕೋ ಬೆಂಗಳೂರಿನ ಯಾವುದೋ ಅಂಗಡಿಗೋ ಸೇರಿಕೊಂಡಿರುತ್ತಾರೆ. ಅವರಿಗೆ ನೆರವು ಬೇಕಾಗಿರುವುದು ಆ ಆರೆಂಟು ವಾರಗಳಲ್ಲಿ, ಮತ್ತು ನಮ್ಮ ವ್ಯವಸ್ಥೆ ಅತ್ಯಂತ ದುರ್ಬಲವಾಗಿರುವುದೂ ಅದೇ ವಾರಗಳಲ್ಲಿ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ಕಾಲೇಜುಗಳ ಮತ್ತು ಸರ್ಕಾರದ ಗಮನಕ್ಕೆ ತರಬಯಸುತ್ತೇನೆ.

2021–22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಉನ್ನತ ಶಿಕ್ಷಣದ ಒಟ್ಟು ದಾಖಲಾತಿ ಪ್ರಮಾಣ (18ರಿಂದ 23 ವರ್ಷದವರ ಸಂಖ್ಯೆಗೆ ಹೋಲಿಸಿದರೆ ದಾಖಲಾದವರ ಪ್ರಮಾಣ) ಶೇ 28.4; ಪರಿಶಿಷ್ಟ ಜಾತಿಯವರಲ್ಲಿ ಅದು ಶೇ 25.9, ಪರಿಶಿಷ್ಟ ಪಂಗಡದವರಲ್ಲಿ ಶೇ 21.2. ಒಟ್ಟಾರೆ ಪ್ರಮಾಣದಲ್ಲಿ ಕರ್ನಾಟಕ ಶೇ 36.2ರೊಂದಿಗೆ ದೇಶದ ಸರಾಸರಿಗಿಂತ ಮುಂದಿದೆ. ಇದು ಸಂತೋಷದ ವಿಷಯವೇ ಹೌದು. ಆದರೆ ಈ ಅಂಕಿಗಳು ಹೇಳುವುದು ಎಷ್ಟು ಮಂದಿಯ ಹೆಸರು ರಿಜಿಸ್ಟರಿನಲ್ಲಿ ಇದೆ ಎಂಬುದನ್ನಷ್ಟೇ. ಹೆಸರಿನ ಮುಂದೆ ಹಾಜರಿ ಬೀಳುವುದು ಯಾವಾಗ ನಿಂತಿತು, ಏಕೆ ನಿಂತಿತು ಎಂಬುದು ಗೊತ್ತಾಗಬೇಕಾದರೆ ತರಗತಿಯ ಒಳಗೇ ನೋಡಬೇಕಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಈ ಮಕ್ಕಳು ಯಾರು? ಹೊಸನಗರ, ತೀರ್ಥಹಳ್ಳಿ ಕಡೆಯ ಹಸಲರು ಮತ್ತು ಗೌಡಲು ಕುಟುಂಬಗಳ ಮಕ್ಕಳು, ಶಿಕಾರಿಪುರ ಸೀಮೆಯ ಲಂಬಾಣಿ ತಾಂಡಾಗಳವರು, ಶಿವಮೊಗ್ಗದ ಹತ್ತಿರದ ಹಕ್ಕಿಪಿಕ್ಕಿ ಕ್ಯಾಂಪಿನವರು, ಕಾಗದ ಕಾರ್ಖಾನೆ ನಿಂತ ಮೇಲೆ ದಿನಗೂಲಿಗೆ ಇಳಿದ ಭದ್ರಾವತಿಯ ಮನೆಗಳವರು, ಲಿಂಗನಮಕ್ಕಿ ಅಣೆಕಟ್ಟಿಗಾಗಿ ಊರು ಬಿಟ್ಟು ಬಂದು ಇಂದಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿರುವ ಶರಾವತಿ ಸಂತ್ರಸ್ತರ ಮೊಮ್ಮಕ್ಕಳು. 1951ರ ಕಾಗೋಡು ಸತ್ಯಾಗ್ರಹ ನಡೆದ ನೆಲ ಇದು. ಗೇಣಿದಾರರಾಗಿದ್ದ ದೀವರ ಮನೆಗಳಿಗೆ 1974ರ ಭೂಸುಧಾರಣೆಯಿಂದ ತುಂಡು ಭೂಮಿ ಬಂದಿತು, ಭೂಮಿಯ ಹಿಂದೆ ಶಾಲೆ ಬಂದಿತು, ಈಗ ಕಾಲೇಜು ಬಂದಿದೆ. ಭೂಮಿಯೇ ಇಲ್ಲದೆ ತೋಟದ ಕೆಲಸಕ್ಕೆ ಹೋಗುತ್ತಿದ್ದ ಮನೆಗಳಿಗೆ ಈ ಹಾದಿ ಇನ್ನೂ ನಿಧಾನವಾಗಿ ತೆರೆದಿದೆ. ಇಷ್ಟು ದೂರದಿಂದ ನಡೆದು ಬಂದ ಮಕ್ಕಳು ಕಾಲೇಜಿನ ಬಾಗಿಲು ದಾಟಿದ ಮೇಲೆ ಎಡವಿದರೆ ಅದನ್ನು ಅವರ ಹಣೆಬರಹ ಎಂದು ಬಿಡುವುದು ಅನ್ಯಾಯವಾಗುತ್ತದೆ.

ಮೊದಲನೆಯ ತೊಡಕು ಕಾಲದ್ದು. ಪದವಿ ತರಗತಿಗಳು ಸಾಮಾನ್ಯವಾಗಿ ಶುರುವಾಗುವುದು ಮಲೆನಾಡಿನಲ್ಲಿ ಮಳೆ ಹಿಡಿದು ಹೊಡೆಯುವ ದಿನಗಳಲ್ಲಿ. ನಗರದ ಮಕ್ಕಳು ಕಾಲೇಜಿನ ಪರಿಚಯ ಮಾಡಿಕೊಳ್ಳುವ ಅದೇ ವಾರಗಳಲ್ಲಿ ಒಳಊರಿನ ಹುಡುಗನ ಮನೆಯ ಮುಂದಿನ ಕಾಲುಸಂಕದ ಮೇಲೆ ನೀರು ಹರಿಯುತ್ತಿರುತ್ತದೆ. "ಹೊಳೆ ಬಂದಿತ್ತು ಮೇಡಂ, ದಾಟ್ಲಿಕ್ಕೇ ಆಗ್ಲಿಲ್ಲ" ಎಂದು ಹೇಳುವ ವಿದ್ಯಾರ್ಥಿಗೆ ಹಾಜರಿ ಕೊಡಲು ಯಾವ ನಿಯಮವೂ ಇಲ್ಲ. ಶೇ 75ರ ಹಾಜರಾತಿ ಲೆಕ್ಕದಲ್ಲಿ ಅವನ ಆ ವಾರ ಮತ್ತು ಸಿನಿಮಾಕ್ಕೆ ಹೋದವನ ವಾರ ಒಂದೇ. ವಿದ್ಯುತ್ ಹೋದರೆ ನಮ್ಮ ಕಡೆ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ. ಕಾಲೇಜಿನ ಎಲ್ಲ ಸೂಚನೆಗಳೂ ಈಗ ವಾಟ್ಸ್ಆ್ಯಪ್ ಗುಂಪಿನಲ್ಲಿ ಬರುವುದರಿಂದ, ಇಂಥ ದಿನ ಇಂಥ ಶುಲ್ಕ ಕಟ್ಟಬೇಕು, ಇಂಥ ದಿನದೊಳಗೆ ಐಚ್ಛಿಕ ವಿಷಯ ಆರಿಸಿಕೊಳ್ಳಬೇಕು ಎಂಬ ಸಂದೇಶ ಅವನಿಗೆ ಸಿಗುವುದು ಬಸ್ಸು ರಿಪ್ಪನ್‌ಪೇಟೆಯನ್ನೋ ಆನಂದಪುರವನ್ನೋ ತಲುಪಿದ ಮೇಲೆ, ಎಷ್ಟೋ ಸಲ ಗಡುವು ಮುಗಿದ ಮೇಲೆ.

ಬಸ್ಸಿನ ವಿಷಯವನ್ನೂ ಹೇಳಬೇಕು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ರಾಜ್ಯದ ಎಷ್ಟೋ ಹೆಣ್ಣುಮಕ್ಕಳನ್ನು ಕಾಲೇಜಿಗೆ ತಲುಪಿಸಿದೆ. ಆದರೆ ಮಲೆನಾಡಿನ ಬಹಳಷ್ಟು ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸುಗಳೇ. ಅಲ್ಲಿ ಶಕ್ತಿಯೂ ಇಲ್ಲ, ಸರ್ಕಾರಿ ಬಸ್ ಪಾಸೂ ನಡೆಯುವುದಿಲ್ಲ. ಕಾರ್ಮಿಕರೇ ಕಟ್ಟಿ ನಡೆಸುತ್ತಿದ್ದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತುಹೋದದ್ದು ಆ ಭಾಗದ ವಿದ್ಯಾರ್ಥಿಗಳಿಗೆ ದೊಡ್ಡ ಪೆಟ್ಟು. ಒಳ್ಳೆಯದಾಗಿರುವುದನ್ನೂ ಹೇಳುತ್ತೇನೆ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದ ಮೇಲೆ ತುಮರಿ ಭಾಗದ ಮಕ್ಕಳು ಲಾಂಚಿಗಾಗಿ ಕಾಯುವುದು ತಪ್ಪಿದೆ. ಸಂಜೆಯ ಲಾಂಚ್ ತಪ್ಪೀತು ಎಂದು ಕೊನೆಯ ಪೀರಿಯಡ್ ಬಿಟ್ಟು ಓಡುತ್ತಿದ್ದ ಅಲ್ಲಿನ ಹುಡುಗಿಯರನ್ನು ನೋಡಿದ ನನಗೆ ಆ ಸೇತುವೆಯ ಬೆಲೆ ಏನೆಂದು ಗೊತ್ತು.

ದೂರದ ಮಕ್ಕಳಿಗೆ ಹಾಸ್ಟೆಲ್ ಇದೆಯಲ್ಲ ಎಂದು ಕೇಳಬಹುದು. ಸಮಾಜ ಕಲ್ಯಾಣ ಇಲಾಖೆಯ, ಹಿಂದುಳಿದ ವರ್ಗಗಳ (ಬಿಸಿಎಂ) ಇಲಾಖೆಯ, ಅಲ್ಪಸಂಖ್ಯಾತರ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳು ನಮ್ಮ ಜಿಲ್ಲೆಯಲ್ಲಿ ಇವೆ, ಅವು ಇಲ್ಲದಿದ್ದರೆ ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಪದವೀಧರರಾಗುತ್ತಲೇ ಇರಲಿಲ್ಲ. ತೊಂದರೆ ಇರುವುದು ಆಯ್ಕೆಪಟ್ಟಿಯ ದಿನಾಂಕದಲ್ಲಿ. ಕಾಲೇಜಿಗೆ ಸೇರಿದ ಮೇಲೆ ಹಾಸ್ಟೆಲ್ ಪೋರ್ಟಲ್‌ನಲ್ಲಿ ಅರ್ಜಿ, ಅದರ ಪರಿಶೀಲನೆ, ಮೊದಲ ಪಟ್ಟಿ, ಎರಡನೆಯ ಪಟ್ಟಿ ಎಂದು ವಾರಗಳು ಉರುಳುತ್ತವೆ. ತರಗತಿಗಳು ಮಾತ್ರ ಯಾರಿಗೂ ಕಾಯುವುದಿಲ್ಲ. ಆ ನಡುವಿನ ದಿನಗಳಲ್ಲಿ ಹುಡುಗ ಎಲ್ಲಿರಬೇಕು? ಪಿ.ಜಿ.ಗೆ ಮುಂಗಡ ಕೊಡುವ ಶಕ್ತಿ ಮನೆಯಲ್ಲಿ ಇರುವುದಿಲ್ಲ. ನೆಂಟರ ಮನೆಯಲ್ಲಿ ನಾಲ್ಕು ದಿನ ಇರಬಹುದು, ನಾಲ್ಕು ವಾರ ಇರಲಾಗದು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ಮಕ್ಕಳಿಗಾಗಿ ವಿದ್ಯಾಸಿರಿ ಯೋಜನೆ ಇದೆ. ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ಲೆಕ್ಕದಲ್ಲಿ ಆರಂಭವಾದ ಆ ನೆರವು ಕೈಗೆ ಬರುವುದು ವರ್ಷದ ಕೊನೆಯಲ್ಲಾದರೆ, ಜುಲೈ ತಿಂಗಳ ಬಾಡಿಗೆಗೆ ಅದರಿಂದ ಪ್ರಯೋಜನವಾಗುವುದಿಲ್ಲ.

ವಿದ್ಯಾರ್ಥಿವೇತನದ ಕಾಗದಪತ್ರದ ಕಷ್ಟ ಹೊರಗಿನವರಿಗೆ ಅಷ್ಟಾಗಿ ತಿಳಿಯದು. ಕಾಲೇಜು ಆಫೀಸಿನ ಕಿಟಕಿಯ ಮುಂದೆ ಒಂದು ಗಂಟೆ ನಿಂತು ನೋಡಿದರೆ ಸಾಕು. ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಕಾಗದಗಳನ್ನು ಹಿಡಿದು ಸಾಲಿನಲ್ಲಿ ನಿಂತ ಹುಡುಗಿಯ ಆಧಾರಿನಲ್ಲಿ ತಂದೆಯ ಹೆಸರಿನ ಇನಿಷಿಯಲ್ ಒಂದು ರೀತಿ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನ್ನೊಂದು ರೀತಿ ಇರುತ್ತದೆ. ಆದಾಯ ಪ್ರಮಾಣಪತ್ರದ ಐದು ವರ್ಷದ ಅವಧಿ ಮುಗಿದಿರುವುದು ಆ ಕ್ಷಣದಲ್ಲಿ ಗೊತ್ತಾಗುತ್ತದೆ. ಬ್ಯಾಂಕ್ ಖಾತೆ ಇದೆ, ಆದರೆ ಆಧಾರ್ ಜೋಡಣೆ ಆಗಿರುವುದು ಎಂದೋ ತೆರೆದು ಮರೆತ ಬೇರೊಂದು ಖಾತೆಗೆ. "ನಾಡಕಚೇರಿಗೆ ಹೋಗಿ ಆರ್.ಡಿ. ನಂಬರ್ ತಗೊಂಡು ಬಾ" ಎಂದು, ಅಂದರೆ ಪ್ರಮಾಣಪತ್ರದ ಮೇಲಿನ ಸಂಖ್ಯೆ ತರಲು, ಒಳಗಿನಿಂದ ಉತ್ತರ ಬರುತ್ತದೆ. ಆ ಉತ್ತರದಲ್ಲಿ ತಪ್ಪಿಲ್ಲ, ಕ್ಲರ್ಕಿಗೂ ಹಿಂದೆ ಐವತ್ತು ಜನರ ಸಾಲಿದೆ. ಆದರೆ ನಾಡಕಚೇರಿ ಇರುವುದು ಅವಳ ಹೋಬಳಿಯಲ್ಲಿ. ಅಂದರೆ ಒಂದು ದಿನದ ತರಗತಿ ಹೋಯಿತು, ಅಪ್ಪನ ಒಂದು ದಿನದ ಕೂಲಿ ಹೋಯಿತು; ಸರ್ವರ್ ಇಲ್ಲವೆಂದರೆ ಇನ್ನೊಂದು ದಿನವೂ ಹೋಯಿತು. ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇರುವುದೇ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರದ ಪರಿಶಿಷ್ಟ ಕುಟುಂಬಗಳಿಗೆ. ಅಂಥ ಮನೆಯಲ್ಲಿ ಎರಡು ದಿನದ ಕೂಲಿ ಸಣ್ಣ ಮಾತಲ್ಲ. ಸೈಬರ್ ಅಂಗಡಿಯವರು ಅರ್ಜಿ ತುಂಬಿಕೊಡುವಾಗ ಮಾಡಿದ ಒಂದು ಅಕ್ಷರದ ತಪ್ಪಿನಿಂದ ಇಡೀ ವರ್ಷದ ಹಣ ನಿಂತುಹೋದ ಮಕ್ಕಳನ್ನು ನಾನು ಬಲ್ಲೆ.

ಇನ್ನೊಂದು ಸಂಗತಿಯನ್ನು ಬರೆಯುವಾಗ ನನಗೆ ಇಂದಿಗೂ ಸಂಕಟವಾಗುತ್ತದೆ. ನಾನು ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ, ಪ್ರಥಮ ವರ್ಷದ ತರಗತಿ ನಡೆಯುತ್ತಿದ್ದಾಗ ಕಚೇರಿಯ ಸಿಬ್ಬಂದಿಯೊಬ್ಬರು ಬಾಗಿಲಲ್ಲಿ ನಿಂತು, "ಎಸ್‌ಸಿ, ಎಸ್‌ಟಿ ಸ್ಟೂಡೆಂಟ್ಸ್ ಎಲ್ಲ ಎದ್ದು ನಿಂತ್ಕೊಳ್ಳಿ, ಸ್ಕಾಲರ್‌ಶಿಪ್ ಲಿಸ್ಟ್ ಮಾಡ್ಬೇಕು" ಎಂದು ಗಟ್ಟಿಯಾಗಿ ಹೇಳಿದರು. ಕೆಲವರು ಎದ್ದರು. ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಡೆಸ್ಕಿನ ಅಂಚು ಹಿಡಿದು ಅರ್ಧ ಎದ್ದವಳು ಅಕ್ಕಪಕ್ಕ ನೋಡಿ ಮತ್ತೆ ಕುಳಿತುಬಿಟ್ಟಳು. ಕಾಲೇಜು ಶುರುವಾಗಿ ಒಂದು ವಾರವೂ ಆಗಿರಲಿಲ್ಲ. ಪಕ್ಕದಲ್ಲಿ ಕುಳಿತವರ ಜೊತೆ ಅವಳು ಆಗಷ್ಟೇ ಬುತ್ತಿ ಹಂಚಿಕೊಂಡು ಉಣ್ಣಲು ಶುರುಮಾಡಿದ್ದಳು. ಆ ವರ್ಷ ಅವಳು ವಿದ್ಯಾರ್ಥಿವೇತನಕ್ಕೆ ಅರ್ಜಿಯನ್ನೇ ಹಾಕಲಿಲ್ಲ. ಹಾಗೆ ಕೂಗಿದವರಿಗೆ ಕೆಟ್ಟ ಉದ್ದೇಶವಿತ್ತೆಂದು ನಾನು ಹೇಳುವುದಿಲ್ಲ. ಆದರೆ ಮಗುವೊಂದು ತನ್ನ ಜಾತಿಯನ್ನು ಯಾರಿಗೆ, ಯಾವಾಗ ಹೇಳಬೇಕೆಂಬುದು ಅದರ ಹಕ್ಕು. ಪ್ರವೇಶದ ಅರ್ಜಿಯಲ್ಲಿ ಆ ವಿವರ ಇದ್ದೇ ಇರುತ್ತದೆ. ಒಬ್ಬೊಬ್ಬರನ್ನೇ ಕರೆದು ಮಾತಾಡಲು, ಇಲ್ಲವೇ ಅವರ ಮೊಬೈಲಿಗೆ ನೇರವಾಗಿ ಸಂದೇಶ ಕಳಿಸಲು ಹಣವೇನೂ ಖರ್ಚಾಗುವುದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2012ರಲ್ಲಿಯೇ ಸಮಾನತೆಯ ನಿಯಮಾವಳಿ ಹೊರಡಿಸಿ, ಸಮಾನ ಅವಕಾಶ ಘಟಕ ಇರಬೇಕು, ತಾರತಮ್ಯದ ದೂರು ಕೇಳುವ ಅಧಿಕಾರಿ ಇರಬೇಕು ಎಂದಿತು. ಘಟಕದ ಫಲಕ ಗೋಡೆಯ ಮೇಲೆ ಇದ್ದರೆ ಸಾಲದು, ಅಲ್ಲಿ ಕೂರುವವರ ಮುಖ ಮೊದಲ ವಾರದಲ್ಲೇ ಮಕ್ಕಳಿಗೆ ಪರಿಚಯವಾಗಬೇಕು.

ಭಾಷೆಯ ಕಷ್ಟವನ್ನು ಎಲ್ಲರೂ ಹೇಳುತ್ತಾರೆ, ಅದರ ಆಳವನ್ನು ನೋಡುವವರು ಕಡಿಮೆ. ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಕಾಂ.ಗೆ ಸೇರಿದ ಹುಡುಗನ ನೋಟ್ ಪುಸ್ತಕವನ್ನು ತೆರೆದು ನೋಡಿದರೆ, ಉಪನ್ಯಾಸಕರು ಇಂಗ್ಲಿಷಿನಲ್ಲಿ ಹೇಳಿದ್ದನ್ನೆಲ್ಲ ಅವನು ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡಿರುತ್ತಾನೆ: 'ಡೆಬಿಟ್ ದ ರಿಸೀವರ್, ಕ್ರೆಡಿಟ್ ದ ಗಿವರ್'. ಪುಟ ತುಂಬ ಹೀಗೆಯೇ, ವೇಗ ಹೆಚ್ಚಾದ ಕಡೆ ಅರ್ಧರ್ಧ ಸಾಲು, ಆಮೇಲೆ ಖಾಲಿ ಜಾಗ. ಇವನು ದಡ್ಡನಲ್ಲ. ಒಂದಕ್ಷರವೂ ಬಿಡಬಾರದೆಂದು ಹೆಣಗಾಡಿದವನು. ಅದನ್ನೇ ಯಾರಾದರೂ ವಾರಕ್ಕೆರಡು ಗಂಟೆ ಕನ್ನಡದಲ್ಲಿ ಬಿಡಿಸಿ ಹೇಳಿ, ಪಠ್ಯದಲ್ಲಿ ಮತ್ತೆ ಮತ್ತೆ ಬರುವ ನೂರಿನ್ನೂರು ಪಾರಿಭಾಷಿಕ ಪದಗಳನ್ನು ಮೊದಲ ತಿಂಗಳಲ್ಲೇ ರೂಢಿ ಮಾಡಿಸಿದರೆ ಅವನು ಇಂಗ್ಲಿಷ್ ಪಾಠವನ್ನೂ ಹಿಡಿಯುತ್ತಾನೆ, ಇದನ್ನು ನಾನು ಮಾಡಿಸಿ ನೋಡಿದ್ದೇನೆ. ಮನೆಯಲ್ಲಿ ಲಂಬಾಣಿ ಆಡುವ, ವಾಗ್ರಿಬೋಲಿ ಆಡುವ, ಉರ್ದು ಆಡುವ ಮಕ್ಕಳಿಗೆ ಕನ್ನಡವೇ ಎರಡನೆಯ ಭಾಷೆ ಎಂಬುದನ್ನೂ ಮರೆಯಬಾರದು. ಅವರು ತರಗತಿಯಲ್ಲಿ ಬಾಯಿ ತೆರೆಯದಿರುವುದನ್ನು ಆಸಕ್ತಿಯ ಕೊರತೆ ಎಂದು ನಾವು ಓದಿಕೊಳ್ಳುತ್ತೇವೆ.

ಹಾಗಾದರೆ ಏನು ಮಾಡಬೇಕು? ಹೊಸ ಯೋಜನೆಗಳಿಗಿಂತ ಇರುವ ವ್ಯವಸ್ಥೆಯನ್ನು ಸರಿಯಾದ ಸಮಯಕ್ಕೆ ನಡೆಸುವುದೇ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಹೊಸ ವಿದ್ಯಾರ್ಥಿಗಳಿಗಾಗಿ ಯುಜಿಸಿ ರೂಪಿಸಿದ 'ದೀಕ್ಷಾರಂಭ' ಎಂಬ ಪರಿಚಯ ಕಾರ್ಯಕ್ರಮ ಇದೆ. ಅನೇಕ ಕಡೆ ಅದು ಒಂದು ಬೆಳಗಿನ ಸಭೆಯಾಗಿ ಮುಗಿಯುತ್ತದೆ: ದೀಪ ಬೆಳಗುವುದು, ಅತಿಥಿಗಳ ಭಾಷಣ, ಶಿಸ್ತಿನ ಬಗ್ಗೆ ಎಚ್ಚರಿಕೆ, ಲಘು ಉಪಾಹಾರ. ಗ್ರಂಥಾಲಯದಿಂದ ಪುಸ್ತಕ ಪಡೆಯುವುದು ಹೇಗೆ, ಇಂಟರ್ನಲ್ ಅಂಕಗಳನ್ನು ಹೇಗೆ ಕೊಡುತ್ತಾರೆ, ಒಂದು ವಿಷಯದಲ್ಲಿ ಫೇಲಾದರೆ ಮುಂದಿನ ಸೆಮಿಸ್ಟರಿಗೆ ಹೋಗಬಹುದೇ, ವಿಶ್ವವಿದ್ಯಾಲಯಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ ಪರೀಕ್ಷೆಗೆ ನೋಂದಣಿ ಮಾಡುವುದು ಹೇಗೆ, ಉಪನ್ಯಾಸಕರ ಕೊಠಡಿಗೆ ಹೋಗಿ ಸಂಶಯ ಕೇಳಬಹುದೇ ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಸಿಗುವುದಿಲ್ಲ. ಕೊನೆಯ ಪ್ರಶ್ನೆ ಓದಿದ ಮನೆಯ ಮಕ್ಕಳಿಗೆ ಪ್ರಶ್ನೆಯೇ ಅಲ್ಲ. ಮೊದಲ ತಲೆಮಾರಿನ ವಿದ್ಯಾರ್ಥಿಯಾದರೋ ಸ್ಟಾಫ್ ರೂಮಿನ ಬಾಗಿಲಿನ ತನಕ ಬಂದು ಹಿಂತಿರುಗುತ್ತಾನೆ.

ಆದ್ದರಿಂದ ಇಪ್ಪತ್ತು ಹೊಸ ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರನ್ನು ಮೊದಲ ದಿನವೇ ಗೊತ್ತುಮಾಡಿ, ವೇಳಾಪಟ್ಟಿಯಲ್ಲಿಯೇ ವಾರಕ್ಕೆ ಒಂದು ಗಂಟೆಯನ್ನು ಅದಕ್ಕೆ ಮೀಸಲಿಡಬೇಕು. ಮೆಂಟರ್ ಪದ್ಧತಿ ನಮ್ಮಲ್ಲಿ ಈಗಾಗಲೇ ಇದೆ ಎಂದು ಪ್ರಾಂಶುಪಾಲರು ಹೇಳಬಹುದು. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಮುಂಚಿನ ವಾರ ಒಟ್ಟಿಗೆ ಸಹಿ ಬೀಳುವ ರಿಜಿಸ್ಟರನ್ನು ನಾನು ಮೆಂಟರ್ ಪದ್ಧತಿ ಎನ್ನಲಾರೆ. ಮೂರು ದಿನ ಬಾರದ ಹುಡುಗಿಯ ಮನೆಗೆ ನಾಲ್ಕನೆಯ ದಿನ ಫೋನು ಹೋಗಬೇಕು, ಅದೂ ಹಾಜರಾತಿ ಕೊರತೆಯ ಬೆದರಿಕೆಯಾಗಿ ಹೋಗಬಾರದು, "ಏನಮ್ಮಾ, ಹುಷಾರಾಗಿದ್ದೀಯಾ, ಬಸ್ ಬರ್ತಾ ಇಲ್ವಾ?" ಎಂಬ ವಿಚಾರಣೆಯಾಗಿ ಹೋಗಬೇಕು. ಇಂಥ ಒಂದೇ ಫೋನಿನಿಂದ ಮರಳಿ ಬಂದು ಪದವಿ ಮುಗಿಸಿ ಈಗ ಶಿಕ್ಷಕಿಯರಾಗಿರುವವರು ನನ್ನ ವಿದ್ಯಾರ್ಥಿನಿಯರಲ್ಲಿ ಇದ್ದಾರೆ. ಅಧ್ಯಾಪಕರ ಜೊತೆಗೆ, ಅದೇ ಮಾರ್ಗದ ಬಸ್ಸಿನಲ್ಲಿ ಬರುವ ಎರಡನೆಯ ಅಥವಾ ಮೂರನೆಯ ವರ್ಷದ ವಿದ್ಯಾರ್ಥಿಯೊಬ್ಬರನ್ನು ಹೊಸಬರಿಗೆ ಜೋಡಿಸಿದರೆ ಇನ್ನೂ ಒಳ್ಳೆಯದು. ಮೇಷ್ಟ್ರನ್ನು ಕೇಳಲು ಅಂಜುವ ಮಗು ತನ್ನೂರಿನ ಅಕ್ಕನನ್ನು ಕೇಳಲು ಅಂಜುವುದಿಲ್ಲ.

ಇಲ್ಲಿ ಸರ್ಕಾರದ ಹೊಣೆ ಬಹಳ ದೊಡ್ಡದು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಬೋಧನೆ ನಡೆಯುತ್ತಿರುವುದು ಬಹುಮಟ್ಟಿಗೆ ಅತಿಥಿ ಉಪನ್ಯಾಸಕರಿಂದ, ಅವರ ಸಂಖ್ಯೆಯೇ ಸಾವಿರಾರು. ಪ್ರತಿ ವರ್ಷವೂ ಅವರ ಆಯ್ಕೆ ಹೊಸದಾಗಿ ನಡೆಯಬೇಕು. ಆದೇಶ ತಡವಾದರೆ ತರಗತಿ ಶುರುವಾದ ಮೇಲೂ ಎಷ್ಟೋ ವಿಷಯಗಳಿಗೆ ಪಾಠ ಮಾಡುವವರು ಇರುವುದಿಲ್ಲ. ನಲವತ್ತು ಕಿಲೋಮೀಟರ್ ಮಳೆಯಲ್ಲಿ ಬಂದ ಮಗುವಿಗೆ ಇಡೀ ದಿನದಲ್ಲಿ ಒಂದೇ ಪೀರಿಯಡ್ ನಡೆಯಿತೆಂದರೆ, ಮರುದಿನ ತಾಯಿ "ಹೋಗಿ ಎಂತ ಮಾಡ್ತೆ, ಮನೇಲೇ ಇರು" ಎನ್ನುವುದು ಸಹಜ. ಯಾರನ್ನು ಮಾರ್ಗದರ್ಶಕರನ್ನಾಗಿ ನೇಮಿಸಿ ಎಂದು ನಾನು ಕೇಳುತ್ತಿದ್ದೇನೋ ಅವರೇ ಮೊದಲ ತಿಂಗಳಲ್ಲಿ ಕಾಲೇಜಿನಲ್ಲಿ ಇಲ್ಲದಿದ್ದರೆ ಉಳಿದ ಮಾತೆಲ್ಲ ವ್ಯರ್ಥ. ಅತಿಥಿ ಉಪನ್ಯಾಸಕರ ಆದೇಶಗಳು ಪ್ರವೇಶ ಪ್ರಕ್ರಿಯೆ ಮುಗಿಯುವ ಮೊದಲೇ ಹೊರಬರಬೇಕು, ಮತ್ತು ಮಾರ್ಗದರ್ಶನದ ಆ ಒಂದು ಗಂಟೆಯನ್ನು ಅವರ ಕಾರ್ಯಭಾರದಲ್ಲಿ ಸೇರಿಸಿ ಸಂಭಾವನೆ ಕೊಡಬೇಕು.

ಕಾಲೇಜು ಎಂದರೆ ಅಂಗನವಾಡಿಯಲ್ಲ, ಹದಿನೆಂಟು ತುಂಬಿದವರನ್ನು ಕೈಹಿಡಿದು ನಡೆಸಬೇಕೇ ಎಂದು ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಕೇಳುತ್ತಿದ್ದರು. ಈ ಪ್ರಶ್ನೆಯನ್ನು ತಳ್ಳಿಹಾಕಲಾರೆ. ಮಕ್ಕಳು ಸ್ವತಂತ್ರರಾಗಬೇಕು ಎಂಬುದರಲ್ಲಿ ನನಗೂ ಅನುಮಾನವಿಲ್ಲ. ಆದರೆ ಓದಿದ ಮನೆಯ ಮಕ್ಕಳ ಕೈಯನ್ನು ಯಾರೂ ಹಿಡಿದಿಲ್ಲ ಎಂದು ತಿಳಿಯುವುದು ತಪ್ಪು. ಅವರಿಗೆ ಅಪ್ಪ ಹಿಡಿದಿರುತ್ತಾರೆ, ಎಂಜಿನಿಯರಿಂಗ್ ಓದಿದ ಅಕ್ಕ ಹಿಡಿದಿರುತ್ತಾಳೆ, ಪಕ್ಕದ ಮನೆಯ ಪ್ರೊಫೆಸರರು ಒಂದು ಫೋನು ಮಾಡಿರುತ್ತಾರೆ. ಅದು ಮನೆಯೊಳಗೆ ನಡೆಯುವುದರಿಂದ ನಮಗೆ ಕಾಣುವುದಿಲ್ಲ, ಅಷ್ಟೆ. ಮನೆಯಲ್ಲಿ ಹೇಳಿಕೊಡುವವರಿಲ್ಲದ ಮಗುವಿಗೆ ಅದೇ ಮಾತನ್ನು ಕಾಲೇಜು ಹೇಳಿಕೊಟ್ಟರೆ ಅದನ್ನು ವಿಶೇಷ ಸೌಲಭ್ಯವೆಂದು ಕರೆಯಬಾರದು.

ಹಾಸ್ಟೆಲ್ ವಿಚಾರದಲ್ಲಿ ಜಿಲ್ಲಾಡಳಿತ ಒಂದು ಕೆಲಸವನ್ನಂತೂ ಈ ವರ್ಷವೇ ಮಾಡಬಹುದು. ಆಯ್ಕೆಪಟ್ಟಿ ಬರುವ ತನಕ, ಅರ್ಜಿ ಹಾಕಿದ ದೂರದ ಊರಿನ ಪ್ರಥಮ ವರ್ಷದ ಮಕ್ಕಳಿಗೆ ತಾತ್ಕಾಲಿಕವಾಗಿ ಉಳಿಯಲು ಅವಕಾಶ ಕೊಡಿ. ಅಂತಿಮ ವರ್ಷದವರು ಮುಗಿಸಿ ಹೋದ ಕೋಣೆಗಳು ಆ ದಿನಗಳಲ್ಲಿ ಖಾಲಿಯೇ ಇರುತ್ತವೆ. ಹಾಗೆಯೇ, ಪ್ರವೇಶದ ದಿನಗಳಲ್ಲಿ ನಾಡಕಚೇರಿಯ ಮತ್ತು ಬ್ಯಾಂಕಿನ ಒಬ್ಬೊಬ್ಬ ಸಿಬ್ಬಂದಿಯನ್ನು ವಾರಕ್ಕೊಮ್ಮೆ ಕಾಲೇಜಿಗೇ ಕಳಿಸಿ ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆಗಳನ್ನು ಅಲ್ಲಿಯೇ ಮುಗಿಸಿಕೊಟ್ಟರೆ ಎಷ್ಟೋ ಮನೆಗಳ ಕೂಲಿ ಉಳಿಯುತ್ತದೆ. ಹೊಳೆ ಬಂದು, ಗುಡ್ಡ ಕುಸಿದು ಬರಲಾಗದ ದಿನಗಳಿಗೆ ಗ್ರಾಮ ಪಂಚಾಯಿತಿಯ ಒಂದು ಪತ್ರವನ್ನು ಒಪ್ಪಿ ಹಾಜರಾತಿಯಲ್ಲಿ ರಿಯಾಯಿತಿ ಕೊಡುವ ಬಗ್ಗೆ ಕುವೆಂಪು ವಿಶ್ವವಿದ್ಯಾಲಯ ಯೋಚಿಸಬೇಕು. ಶಿವಮೊಗ್ಗ ಮತ್ತು ಚಿಕ್ಕಮಗಳೂರಿನ ಮಲೆನಾಡನ್ನು ಒಳಗೊಂಡ, 1987ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯಕ್ಕೆ ಇಲ್ಲಿನ ಮಳೆಯನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಸಾಗರದಲ್ಲಿ ನೆಲೆಸಿರುವ ನಾವು ಕೆಲವು ನಿವೃತ್ತ ಅಧ್ಯಾಪಕರು, ಬರುವ ಪ್ರವೇಶದ ದಿನಗಳಲ್ಲಿ ಕಾಲೇಜುಗಳಿಗೆ ಬಂದು ಅರ್ಜಿ ತುಂಬಿಸಲು, ಕಾಗದಪತ್ರ ನೋಡಿಕೊಡಲು, ಸಂಜೆ ಹೊತ್ತು ಕನ್ನಡದಲ್ಲಿ ಪಾಠ ಬಿಡಿಸಿ ಹೇಳಲು ಸಿದ್ಧರಿದ್ದೇವೆ. ನಮಗೆ ಸಂಭಾವನೆ ಬೇಡ. ಪ್ರಾಂಶುಪಾಲರ ಅನುಮತಿ, ಆಫೀಸಿನ ಹತ್ತಿರ ಒಂದು ಮೇಜು ಮತ್ತು ಇಂಟರ್ನೆಟ್ ಇರುವ ಒಂದು ಕಂಪ್ಯೂಟರ್ ಸಿಕ್ಕರೆ ಸಾಕು. ತೀರ್ಥಹಳ್ಳಿ, ಹೊಸನಗರ, ಸೊರಬ, ಶಿಕಾರಿಪುರಗಳಲ್ಲಿಯೂ ಇಂಥ ನಿವೃತ್ತರು ಇದ್ದಾರೆ. ಆಯಾ ಊರಿನ ಕಾಲೇಜುಗಳು ಜೂನ್ ತಿಂಗಳೊಳಗೆ ಅವರನ್ನು ಕರೆಯಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅರ್ಥಶಾಸ್ತ್ರ ಅಧ್ಯಾಪಕಿ
ಸಾಗರ, ಶಿವಮೊಗ್ಗ ಜಿಲ್ಲೆ